10 ಪಂಪ್ ಹೊಡೀಬಹುದು ಅಂದರೆ 10 ಹೊಡೀಲೇಬೇಕು ಅಂತಲ್ಲ

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಹೊಸ ಮಲ್ಟಿ-ಪಂಪ್ ಏರ್ ರೈಫಲ್ (ಪ್ರತಿ ಗುಂಡಿಗೂ ಕೈಯಿಂದ ಹಲವು ಸಲ ಗಾಳಿ ತುಂಬಿ ಹೊಡೆಯುವಂಥದ್ದು) ತಗೊಂಡಿದ್ದೀರಿ, 4.5 ಎಂಎಂ ಗುಂಡಿನದ್ದು, ಜೊತೆಗೆ ಬಂದ ಪುಸ್ತಕದಲ್ಲಿ 3ರಿಂದ 10 ಪಂಪ್ ಅಂತ ಬರೆದಿದೆ. ಹೊಡೆಯೋದು 10 ಮೀಟರ್ ದೂರದ ಕಾಗದಕ್ಕೆ, ಆಗಾಗ 25 ಮೀಟರ್ ದೂರದ ಖಾಲಿ ಡಬ್ಬಕ್ಕೆ. ಒಬ್ಬ ಗೆಳೆಯ ಯಾವಾಗಲೂ ಫುಲ್ ಪಂಪ್ ಹೊಡಿ ಅಂದ, ಇನ್ನೊಬ್ಬ 12-13 ಹೊಡೆದರೆ ಇನ್ನೂ ಪವರ್ ಬರುತ್ತೆ ಅಂದ. ಯಾರ ಮಾತು ಕೇಳಬೇಕು?

ಇಬ್ಬರದ್ದೂ ಬೇಡ. ಕಾಗದಕ್ಕೆ 4 ಅಥವಾ 5 ಸಾಕು. ಡಬ್ಬಕ್ಕೆ 7 ಅಥವಾ 8. 10 ಅನ್ನೋದು ಅಪರೂಪಕ್ಕೆ. 12 ಯಾವತ್ತೂ ಇಲ್ಲ, ಯಾಕೆ ಅಂತ ಕೆಳಗೆ ಹೇಳ್ತೀನಿ. ಆದರೆ ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಯಾವ ಸಂಖ್ಯೆ ಹಿಡಿದರೂ ಪ್ರತಿ ಗುಂಡಿಗೂ ಅದೇ ಸಂಖ್ಯೆ ಇರಬೇಕು. ಒಂದಕ್ಕೆ 5, ಮುಂದಿನದಕ್ಕೆ 7, ಆಮೇಲೆ ಮತ್ತೆ 5 ಅಂತ ಹೊಡೆದರೆ ರೈಫಲ್ ಎಷ್ಟೇ ಚೆನ್ನಾಗಿದ್ದರೂ ಗುಂಡುಗಳು ಒಂದು ಕಡೆ ಬೀಳಲ್ಲ.

ನಾನೂ ಮೊದಲ ಕೆಲವು ತಿಂಗಳು ಬರೀ 10 ಪಂಪೇ ಹೊಡೀತಿದ್ದೆ. ಪವರ್ ಇದೆ ಅಂದಮೇಲೆ ಯಾಕೆ ಬಿಡಬೇಕು ಅನ್ನೋ ಲೆಕ್ಕ. ಮೊದಲ ನಾಲ್ಕು ಪಂಪ್ ಬೆಣ್ಣೆ ಥರ ಹೋಗುತ್ತೆ, ಆರನೆಯದಕ್ಕೆ ಮೊಣಕೈ ಬಿಗಿಯಾಗುತ್ತೆ, ಒಂಬತ್ತು ಹತ್ತಕ್ಕೆ ಬರುವಷ್ಟರಲ್ಲಿ ರೈಫಲನ್ನು ತೊಡೆಗೆ ಒತ್ತಿ ಹಿಡಿದು ಮೈಭಾರ ಹಾಕಿ ಹಿಡಿಯನ್ನು ಮುಚ್ಚಬೇಕು, ಅದು ಟಕ್ ಅಂತ ಕೂತಾಗ ಬೆರಳು ನಡುವೆ ಸಿಕ್ಕಿದರೆ ಆ ದಿನದ ಶೂಟಿಂಗ್ ಅಲ್ಲಿಗೇ ಮುಗೀತು. (ಒಂದು ಸಲ ಸಿಕ್ಕಿತ್ತು. ಉಗುರು ಕಪ್ಪಾಯ್ತು.) ಇಷ್ಟೆಲ್ಲ ಮಾಡಿ ಏದುಸಿರು ಬಿಡುತ್ತಾ ಗುರಿ ಹಿಡಿದರೆ ನಳಿಗೆಯ ಮುಂದಿನ ಸೈಟ್ (ಗುರಿ ನೋಡುವ ಮೊನೆ) ಕಾಗದದ ಮೇಲೆ ಕುಣೀತಾ ಇರುತ್ತೆ. ಇಪ್ಪತ್ತನೇ ಗುಂಡಿಗೆ ಕೈ ನಡುಗೋಕೆ ಶುರು. ಲೆಕ್ಕ ಹಾಕಿ, ಇಪ್ಪತ್ತು ಗುಂಡಿಗೆ ಇನ್ನೂರು ಪಂಪ್! ಒಂದು ದಿನ ಸುಸ್ತಾಗಿ ಸೋಮಾರಿತನಕ್ಕೆ 5ಕ್ಕೆ ಇಳಿಸಿದೆ. ಕಾಗದದ ಮೇಲಿನ ತೂತುಗಳು ಹತ್ತಿರ ಹತ್ತಿರ ಬಂದವು. ರೈಫಲ್ ಬದಲಾಗಿರಲಿಲ್ಲ, ನನ್ನ ಉಸಿರು ಬದಲಾಗಿತ್ತು ಅಷ್ಟೇ.

ಈಗ ಒಳಗೆ ಏನಾಗುತ್ತೆ ನೋಡೋಣ. ಹಿಡಿಯನ್ನು ಒಂದು ಸಲ ತೆರೆದು ಮುಚ್ಚಿದರೆ ಒಂದು ಪಾಲು ಗಾಳಿ ವಾಲ್ವ್ ಒಳಗಿನ ಸಣ್ಣ ಕೋಣೆಗೆ ಹೋಗಿ ಕೂರುತ್ತೆ. ಟ್ರಿಗರ್ ಎಳೆದಾಗ ಒಳಗಿನ ಸುತ್ತಿಗೆ ವಾಲ್ವ್‌ಗೆ ಬಡಿಯುತ್ತೆ, ವಾಲ್ವ್ ತೆರೆದು ಗಾಳಿಯೆಲ್ಲ ಪೆಲೆಟ್‌ನ (ಸೀಸದ ಸಣ್ಣ ಗುಂಡಿನ) ಹಿಂದೆ ನುಗ್ಗುತ್ತೆ. ಹೆಚ್ಚು ಪಂಪ್ ಅಂದರೆ ಹೆಚ್ಚು ಗಾಳಿ, ಹೆಚ್ಚು ಒತ್ತಡ. ಸರಿ. ಆದರೆ ಗಾಳಿ ಎರಡು ಪಟ್ಟಾದರೆ ವೇಗ ಎರಡು ಪಟ್ಟಾಗಲ್ಲ. ಪೆಲೆಟ್‌ನ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತೆ, ಹಾಗಾಗಿ ಶಕ್ತಿ ಪೂರ್ತಿ ಎರಡು ಪಟ್ಟಾದರೂ ವೇಗ ಏರೋದು ಸುಮಾರು 40 ಶೇಕಡಾ ಮಾತ್ರ. ಅದೂ ಕೂಡ ನಿಜವಾಗಿ ಸಿಗಲ್ಲ, ಯಾಕಂದರೆ ಒತ್ತಡ ಏರಿದಷ್ಟೂ ಪಿಸ್ಟನ್ ಮುಂದೆ ಉಳಿಯುವ ಚೂರು ಜಾಗದಲ್ಲಿ ಪ್ರತಿ ಸಲ ಜಾಸ್ತಿ ಗಾಳಿ ಸಿಕ್ಕಿಹಾಕಿಕೊಂಡು ವಾಲ್ವ್‌ಗೆ ಹೋಗದೇ ಹಿಂದೆಯೇ ಉಳಿಯುತ್ತೆ. ಮೂರರಿಂದ ನಾಲ್ಕಕ್ಕೆ ಹೋದಾಗ ಸಿಗುವ ಲಾಭ ಒಂಬತ್ತರಿಂದ ಹತ್ತಕ್ಕೆ ಸಿಗಲ್ಲ. ಶ್ರಮ ಮಾತ್ರ ತಿರುಗುಮುರುಗು, ಕೊನೆಯ ಪಂಪೇ ಎಲ್ಲಕ್ಕಿಂತ ಕಷ್ಟದ್ದು.

ಹಾಗಾದರೆ 25 ಮೀಟರ್‌ಗೆ ಯಾಕೆ ಜಾಸ್ತಿ ಹೊಡೀಬೇಕು? ಗುಂಡು ಕೆಳಗೆ ಬೀಳುತ್ತಲ್ಲ, ಅದಕ್ಕೆ. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ, ಸೆಕೆಂಡಿಗೆ 150 ಮೀಟರ್ ವೇಗದ ಪೆಲೆಟ್ 10 ಮೀಟರ್ ಹೋಗುವಷ್ಟರಲ್ಲಿ 2.2 ಸೆಂಟಿಮೀಟರ್ ಬೀಳುತ್ತೆ, 200 ಮೀಟರ್ ವೇಗದ್ದು 1.2 ಸೆಂಟಿಮೀಟರ್. ವ್ಯತ್ಯಾಸ ಒಂದೇ ಸೆಂಟಿಮೀಟರ್, ಸೈಟ್ ಸ್ವಲ್ಪ ತಿರುಗಿಸಿದರೆ ಆಯ್ತು. ಅದೇ 25 ಮೀಟರ್‌ಗೆ ನಿಧಾನದ್ದು 13.6 ಸೆಂಟಿಮೀಟರ್ ಬೀಳುತ್ತೆ, ವೇಗದ್ದು 7.7. ಅಲ್ಲಿ ದೂರವನ್ನು ಒಂದೆರಡು ಮೀಟರ್ ತಪ್ಪಾಗಿ ಅಂದಾಜು ಮಾಡಿದರೂ ನಿಧಾನದ ಗುಂಡು ಡಬ್ಬದ ಕೆಳಗೇ ಹೋಗಬಹುದು. ವೇಗ ಇದ್ದರೆ ಆ ತಪ್ಪು ಕಮ್ಮಿ ಆಗುತ್ತೆ. ಗಾಳಿ ಬೀಸುವಾಗಲೂ ಹಾಗೇ.

ಅದೇ ಲೆಕ್ಕದ ಇನ್ನೊಂದು ಮುಖವೂ ಇದೆ. 0.51 ಗ್ರಾಂ ಪೆಲೆಟ್ 150ರ ವೇಗದಲ್ಲಿ ಸುಮಾರು 5.7 ಜೂಲ್ ಶಕ್ತಿ ಹೊತ್ತಿರುತ್ತೆ, 200ರಲ್ಲಿ 10.2 ಜೂಲ್. ಕಾಗದಕ್ಕೆ ತೂತು ಹೊಡೆಯೋಕೆ 10 ಜೂಲ್ ಅಂದರೆ ಗುಬ್ಬಿ ಮೇಲೆ ಬ್ರಹ್ಮಾಸ್ತ್ರ. ಆ ಹೆಚ್ಚಿನ ಶಕ್ತಿ ಎಲ್ಲಿಗೆ ಹೋಗುತ್ತೆ? ಕಾಗದದ ಹಿಂದೆ ಇಟ್ಟಿರುವುದಕ್ಕೆ. ಅಲ್ಲಿ ಏನಿದೆ ಅಂತ ಮೊದಲು ನೋಡಿ. ನಾನು ಹಳೇ ಪತ್ರಿಕೆಗಳನ್ನು ಒತ್ತಾಗಿ ಕಟ್ಟಿ ರಟ್ಟಿನ ಪೆಟ್ಟಿಗೆಗೆ ತುಂಬಿ ಇಡ್ತೀನಿ, 5 ಪಂಪ್‌ಗೆ ತಿಂಗಳುಗಟ್ಟಲೆ ಬರುತ್ತೆ.

ಪೆಲೆಟ್ ಬದಲು ಉಕ್ಕಿನ ಬಿಬಿ (ಸಣ್ಣ ದುಂಡನೆ ಗುಂಡು) ಹಾಕುವವರಿಗೆ ಒಂದು ಮಾತು. ಪಂಪ್ ಕಮ್ಮಿ ಮಾಡಿದರೆ ಅಪಾಯ ಕಮ್ಮಿ ಅಂದುಕೊಳ್ಳಬೇಡಿ. ಸೀಸದ ಪೆಲೆಟ್ ಬಡಿದ ಕಡೆ ಚಪ್ಪಟೆ ಆಗುತ್ತೆ, ಉಕ್ಕು ಆಗಲ್ಲ, ಗಟ್ಟಿ ಜಾಗಕ್ಕೆ ಬಡಿದರೆ ಸೀದಾ ವಾಪಸ್ ಬರುತ್ತೆ. ಕನ್ನಡಕ ಹಾಕದೆ ಬಿಬಿ ಹೊಡೀಲೇಬೇಡಿ. ಪೆಲೆಟ್‌ಗೂ ಹಾಕಿ.

ಇನ್ನು 12-13ರ ವಿಷಯ. ಹೆಚ್ಚೆಂದರೆ ಎಷ್ಟು ಅನ್ನೋದು ರೈಫಲ್ ಮೇಲೆ ಹೋಗುತ್ತೆ. ಕ್ರಾಸ್‌ಮನ್ 760, 1966ರಿಂದ ಬರುತ್ತಿರುವುದು, ಅದಕ್ಕೆ 10. ಕ್ರಾಸ್‌ಮನ್ 2100, ಡೈಸಿ 880, ಇವಕ್ಕೂ 10. ಬೆಂಜಮಿನ್ 392, 397 ನೋಡೋಕೆ ಗಟ್ಟಿಮುಟ್ಟು, ಆದರೂ ಮಿತಿ 8. ಸೆನೆಕಾ ಡ್ರ್ಯಾಗನ್‌ಫ್ಲೈ ಮಾರ್ಕ್ 2ಕ್ಕೆ 15, ಅದರ ಪಂಪ್ ಮೊದಲೇ ಹಗುರವಾಗಿ ಹೋಗುವ ಹಾಗೆ ಮಾಡಿದ್ದಾರೆ. ಅಂದರೆ ಒಂದು ರೈಫಲ್‌ನ 8 ಇನ್ನೊಂದರ 10ಕ್ಕಿಂತ ಕಮ್ಮಿ ಅಂತಲ್ಲ. ಒಂದರ ಸಂಖ್ಯೆ ಇನ್ನೊಂದಕ್ಕೆ ಹೊಂದಿಸೋಕೆ ಹೋಗಬೇಡಿ, ನಿಮ್ಮ ಪುಸ್ತಕದಲ್ಲಿ ಇರುವುದೇ ನಿಮ್ಮ ಮಿತಿ.

ಮಿತಿ ದಾಟಿದರೆ ಏನಾಗುತ್ತೆ? ಒಳಗಿನ ಒತ್ತಡ ಎಷ್ಟು ಏರುತ್ತೆ ಅಂದರೆ ಸುತ್ತಿಗೆ ಬಡಿದರೂ ವಾಲ್ವ್ ಪೂರ್ತಿ ತೆರೆಯಲ್ಲ. ಸ್ವಲ್ಪ ಗಾಳಿ ಹೊರಗೆ ಬಂದು ಉಳಿದದ್ದು ಒಳಗೇ ಇರುತ್ತೆ. ಗುಂಡು ವೇಗ ಆಗೋ ಬದಲು ನಿಧಾನ ಆಗಬಹುದು, ಹೆಚ್ಚಾದರೆ ವಾಲ್ವ್ ತೆರೆಯೋದೇ ಇಲ್ಲ, ಗಾಳಿ ತುಂಬಿದ ರೈಫಲ್ ಕೈಯಲ್ಲಿ ಹಿಡಿದು ನಿಂತಿರಬೇಕಾಗುತ್ತೆ. ಜೊತೆಗೆ ಸೀಲ್ ಮತ್ತು ಹಿಡಿಯ ಕೀಲು ಸವೆಯುತ್ತೆ. ನಿಮ್ಮ ರೈಫಲ್ ಮಿತಿಯೊಳಗೇ ಗಾಳಿ ಉಳಿಸಿಕೊಳ್ಳುತ್ತಾ ನೋಡಬೇಕಾ? 10 ಪಂಪ್‌ಗೆ ಒಂದು ಪೆಲೆಟ್ ಹೊಡೀರಿ. ಆಮೇಲೆ ಪಂಪ್ ಮಾಡದೆ, ಪೆಲೆಟ್ ಹಾಕದೆ, ನಳಿಗೆಯನ್ನು ಗುರಿಯ ಕಡೆಗೇ ಇಟ್ಟು, ಸುತ್ತಿಗೆಯನ್ನು ಮತ್ತೆ ಹಿಂದಕ್ಕೆಳೆದು (ಕಾಕ್ ಮಾಡಿ) ಟ್ರಿಗರ್ ಎಳೀರಿ. ಬರೀ ಕಟ್ ಅಂದರೆ ಸರಿ. ಸಣ್ಣಗೆ ಟುಸ್ ಅಂತ ಗಾಳಿ ಬಂದರೆ ಹತ್ತನೇ ಪಂಪ್ ನಿಮಗೆ ದಂಡ, ಒಂದು ಕಮ್ಮಿ ಮಾಡಿ ಮತ್ತೆ ನೋಡಿ.

ತೀರಾ ಕಮ್ಮಿಯೂ ಬೇಡ. ಒಂದೋ ಎರಡೋ ಪಂಪ್‌ಗೆ ಪೆಲೆಟ್ ನಳಿಗೆಯಲ್ಲೇ ನಿಂತುಬಿಡಬಹುದು. ಸದ್ದು ಬಂತು, ಕಾಗದದಲ್ಲಿ ತೂತಿಲ್ಲ, ಗುರಿ ತಪ್ಪಿತು ಅಂದುಕೊಂಡು ಇನ್ನೊಂದು ಹಾಕಿದರೆ ಎರಡೂ ಒಂದರ ಹಿಂದೆ ಒಂದು ಸಿಕ್ಕಿಕೊಳ್ಳುತ್ತವೆ. ಸದ್ದು ಮಂಕಾಗಿ ಕೇಳಿದರೆ ಅಲ್ಲೇ ನಿಲ್ಲಿಸಿ. ಕನಿಷ್ಠ 3 ಅಂತ ಬರೆಯೋದು ಇದಕ್ಕೇ.

ನಿಮ್ಮ ಸಂಖ್ಯೆ ಹುಡುಕೋದು ಹೀಗೆ. ರೈಫಲನ್ನು ಮೆತ್ತನೆ ಚೀಲದ ಮೇಲೆ ಊರಿ, 10 ಮೀಟರ್‌ಗೆ ಒಂದೇ ಪೆಲೆಟ್ ಡಬ್ಬಿಯಿಂದ 4 ಪಂಪ್‌ಗೆ ಐದು ಗುಂಡು, ಬೇರೆ ಕಾಗದಕ್ಕೆ 5 ಪಂಪ್‌ಗೆ ಐದು, ಆಮೇಲೆ 6ಕ್ಕೆ. ಸೈಟ್ ಮುಟ್ಟಬೇಡಿ. ಗುಂಡು ಎಲ್ಲಿ ಬಿತ್ತು ಅನ್ನೋದು ಬೇಡ, ಐದೂ ಎಷ್ಟು ಹತ್ತಿರ ಬಿದ್ದವು ಅಷ್ಟು ನೋಡಿ. ಚೆನ್ನಾಗಿ ಬಂದ ಸಂಖ್ಯೆಗೆ ಸೈಟ್ ಹೊಂದಿಸಿ ಬಿಟ್ಟುಬಿಡಿ. 25 ಮೀಟರ್‌ಗೆ 7, 8, 9 ಇಟ್ಟು ಇದೇ ಆಟ. ನನ್ನ ರೈಫಲ್‌ಗೆ 5 ಮತ್ತು 8 ಬಂತು, ರೈಫಲ್‌ನ ಹಿಂಬದಿಯ ಮರದ ಭಾಗದ ಮೇಲೆ ಟೇಪ್ ಅಂಟಿಸಿ ಅದನ್ನೇ ಬರೆದಿದ್ದೀನಿ. 8ಕ್ಕೆ ಸೈಟ್ ಎಷ್ಟು ಸಲ ತಿರುಗಿಸಬೇಕು ಅನ್ನೋದೂ ಅದರಲ್ಲೇ ಇದೆ.

ಪಂಪ್ ಹೊಡೆಯುವ ರೀತಿಯೂ ಒಂದೇ ಥರ ಇರಲಿ. ಹಿಡಿಯನ್ನು ಪೂರ್ತಿ ತೆರೆಯಿರಿ, ಪೂರ್ತಿ ಮುಚ್ಚಿ. ಅರ್ಧ ತೆರೆದದ್ದು ಒಂದು ಪಂಪ್ ಅಲ್ಲ. ಸೈಕಲ್‌ಗೆ ಗಾಳಿ ಹೊಡೆದಾಗ ಪಂಪ್‌ನ ಬುಡ ಬಿಸಿಯಾಗುತ್ತಲ್ಲ, ಇಲ್ಲೂ ಹಾಗೇ, ಒತ್ತಿದ ಗಾಳಿ ಬಿಸಿಯಾಗಿ ಆಮೇಲೆ ತಣಿದಂತೆ ಒತ್ತಡ ಚೂರು ಇಳಿಯುತ್ತೆ. ಒಂದು ಗುಂಡನ್ನು ತಕ್ಷಣ, ಇನ್ನೊಂದನ್ನು ಮಾತಾಡುತ್ತಾ ಎರಡು ನಿಮಿಷ ಬಿಟ್ಟು ಹೊಡೆದರೆ ಎರಡೂ ಒಂದೇ ಅಲ್ಲ. ಮಾತಾಡುತ್ತಾ ಎಣಿಕೆ ತಪ್ಪೋದೂ ಇದೆ, ನನಗೆ ವಾರಕ್ಕೊಮ್ಮೆ ಆಗುತ್ತೆ. ಆರೋ ಏಳೋ ಅಂತ ಅನುಮಾನ ಬಂದರೆ ಇನ್ನೊಂದು ಸೇರಿಸಬೇಡಿ, ಗುರಿಯ ಕಡೆಗೆ ಹಾರಿಸಿ ಖಾಲಿ ಮಾಡಿ ಒಂದರಿಂದ ಶುರು ಮಾಡಿ.

ಇನ್ನೊಂದು ಕೇಳಿದ್ದಿರಿ, ಎತ್ತಿಡುವಾಗ ಗಾಳಿ ಪೂರ್ತಿ ಬಿಡಬೇಕಾ ಅಂತ. ಇಂಥ ಹಲವು ರೈಫಲ್‌ಗಳಿಗೆ ಒಂದು ಪಂಪ್ ಗಾಳಿ ಒಳಗೆ ಇಟ್ಟೇ ಎತ್ತಿಡೋದು ರೂಢಿ, ವಾಲ್ವ್ ಒತ್ತಿಕೊಂಡಿದ್ದರೆ ಒಳಗೆ ಧೂಳು ಸೇರಲ್ಲ. ನಿಮ್ಮ ಪುಸ್ತಕ ಬೇಡ ಅಂದರೆ ಬೇಡ. ನಳಿಗೆಯಲ್ಲಿ ಪೆಲೆಟ್ ಮಾತ್ರ ಖಂಡಿತ ಇರಬಾರದು, ಮಕ್ಕಳ ಕೈಗೆ ಸಿಗದ ಕಡೆ ಬೀಗ ಹಾಕಿ ಇಡಿ. ಮುಂದಿನ ಸಲ ತೆಗೆದಾಗ ಮೊದಲು ಪೆಲೆಟ್ ಹಾಕದೆ, ಕಾಕ್ ಮಾಡಿ, ಗುರಿಯ ಕಡೆ ಒಮ್ಮೆ ಟ್ರಿಗರ್ ಎಳೀರಿ. ಗಾಳಿ ಟಪ್ ಅಂತ ಬಂದರೆ ಸೀಲ್ ಗಟ್ಟಿಯಾಗಿದೆ. ಬರದಿದ್ದರೆ ತಯಾರಕರು ಹೇಳಿದ ಎಣ್ಣೆಯನ್ನೇ ಪಿಸ್ಟನ್ ಸೀಲ್‌ಗೆ ಒಂದೆರಡು ಹನಿ ಹಾಕಿ, 3 ಪಂಪ್ ಹೊಡೆದು ಹತ್ತು ನಿಮಿಷ ಬಿಟ್ಟು ಮತ್ತೆ ಎಳೆದು ನೋಡಿ. ಆಗಲೂ ಸದ್ದಿಲ್ಲ ಅಂದರೆ ಸೀಲ್ ಬದಲಾಯಿಸುವ ಕಾಲ ಬಂದಿದೆ, ಆಗ 10 ಅಲ್ಲ, 20 ಪಂಪ್ ಹೊಡೆದರೂ ಗಾಳಿ ನಿಲ್ಲಲ್ಲ.