ಬಲಗೈಯಾ, ಎಡಗೈಯಾ?

ಎರಡು ವರ್ಷದಲ್ಲಿ ಆಪ್ತಸಲಹೆಗೆ ಅಂತ ನನ್ನ ಹತ್ತಿರ ಹೀಗೆ ಬಂದವರಲ್ಲಿ ಇವರು ನಾಲ್ಕನೆಯವರು. ಒಬ್ಬರು ನಾಟಕದವರು, ಒಬ್ಬರು ಕವಿತೆ ಬರೆಯುವವರು, ಇಬ್ಬರು ನೃತ್ಯದವರು. ಎಲ್ಲರದ್ದೂ ಒಂದೇ ಪ್ರಶ್ನೆ. "ನನಗೆ ಆಗಿದ್ದನ್ನೇ ಸ್ಟೇಜ್ ಮೇಲೆ ಮಾಡ್ತಿದ್ದೀನಿ ಮೇಡಂ, ಮಾಡಿ ಮುಗಿಸಿದ್ರೆ ಮನಸ್ಸು ಸರಿ ಹೋಗುತ್ತೆ ಅಲ್ವಾ?" ಮೊದಲ ಮೂವರಿಗೆ ನಾನು ಸರಿಯಾದ ಉತ್ತರ ಕೊಟ್ಟೆ ಅಂತ ಈಗ ಅನ್ನಿಸುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇವರನ್ನು ಸುಮಾ ಅನ್ನೋಣ. ಹೆಸರು, ವಯಸ್ಸು, ಊರಿನ ಗುರುತು ಬದಲಿಸಿದ್ದೇನೆ. ಬರೆದದ್ದನ್ನು ಅವರಿಗೆ ಓದಿ ಹೇಳಿ ಒಪ್ಪಿಗೆ ಪಡೆದಿದ್ದೇನೆ. ಮೈಸೂರಿನಲ್ಲಿ ಮನೆಯ ಮಹಡಿ ಮೇಲೆ ಮಕ್ಕಳಿಗೆ ಭರತನಾಟ್ಯ ಹೇಳಿಕೊಡುತ್ತಾರೆ. ಹುಟ್ಟಿದ್ದು ಮಂಡ್ಯ ಕಡೆ, ವಿಶ್ವೇಶ್ವರಯ್ಯ ನಾಲೆ ಹಾದುಹೋಗುವ ಒಂದು ಹಳ್ಳಿಯಲ್ಲಿ. ಹನ್ನೊಂದು ವರ್ಷದವರಿದ್ದಾಗ ಆರು ವರ್ಷದ ತಮ್ಮ ನಾಲೆ ಪಾಲಾದ. ಆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಆರ್‌ಎಸ್‌ನಿಂದ ನೀರು ಬಿಟ್ಟಾಗ ಬಟ್ಟೆ ಒಗೆಯುವವರು, ಎಮ್ಮೆ ಮೈ ತೊಳೆಯುವವರು, ಈಜುವ ಹುಡುಗರು ಎಲ್ಲ ಅಲ್ಲೇ. ನೋಡೋದಕ್ಕೆ ನೀರು ಸುಮ್ನೆ ಹೋಗುತ್ತಿರುವ ಹಾಗಿರುತ್ತದೆ. ಒಳಗೆ ಸೆಳೆತ ಜಾಸ್ತಿ, ಪಾಚಿ ಕಟ್ಟಿದ ಇಳಿಜಾರಿನಲ್ಲಿ ಕಾಲು ಜಾರಿದರೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ.

ಈ ತಮ್ಮನ ಬಗ್ಗೆ ಸುಮಾ ಇಪ್ಪತ್ತೈದು ನಿಮಿಷದ ಏಕವ್ಯಕ್ತಿ ನೃತ್ಯ ಕಟ್ಟುತ್ತಿದ್ದರು. ಹಾಲ್ ಬುಕ್ ಆಗಿತ್ತು, ಆಹ್ವಾನ ಪತ್ರಿಕೆ ಪ್ರಿಂಟ್‌ಗೆ ಹೋಗುವುದಿತ್ತು. ನನ್ನ ಹತ್ತಿರ ಬಂದದ್ದು ನಿದ್ದೆ ಇಲ್ಲ ಅಂತ. ಪ್ರಾಕ್ಟೀಸ್ ಮುಗಿದ ಮೇಲೆ ಒಂದು ಗಂಟೆ ಕೈ ನಡುಗುತ್ತಿತ್ತಂತೆ. ಕುಕ್ಕರಹಳ್ಳಿ ಕೆರೆ ಪಕ್ಕದ ರಸ್ತೆ ಬಿಟ್ಟು ಸುತ್ತು ಹಾಕಿಕೊಂಡು ಸ್ಕೂಟರ್‌ನಲ್ಲಿ ಮನೆಗೆ ಹೋಗುತ್ತಿದ್ದರಂತೆ.

ಮೊದಲ ದಿನ ನಾನು ಹೇಳಿದ್ದು, "ಮಾಡಿ, ಮನಸ್ಸು ಹಗುರ ಆಗುತ್ತೆ." ತಪ್ಪು ಮಾತು. ಕಲೆ ಅಂದ ತಕ್ಷಣ ನಮ್ಮಂಥವರಿಗೂ ಒಂದು ಭಕ್ತಿ ಬಂದುಬಿಡುತ್ತದೆ, ಕೇಳಬೇಕಾದ ಪ್ರಶ್ನೆ ಕೇಳುವುದಿಲ್ಲ.

ಮೂರನೇ ಸಲ ಬಂದಾಗ ಅವರು ನಿದ್ದೆಯ ಮಾತೇ ಎತ್ತಲಿಲ್ಲ. "ತಾಳ ತಪ್ತಿದೆ ಮೇಡಂ," ಅಂದರು. ನಾಚಿಕೆಯಿಂದ ಅಂದರು, ಕಳ್ಳತನ ಒಪ್ಪಿಕೊಳ್ಳುವವರ ಹಾಗೆ. ಇಪ್ಪತ್ತು ವರ್ಷದಿಂದ ಕುಣಿಯುತ್ತಿರುವವರು, ಆದಿತಾಳದಲ್ಲಿ ಎಡವುವುದು ಅಂದರೆ ಅವಮಾನ ತಾನೆ? ಎಲ್ಲಿ ತಪ್ಪುತ್ತೆ ಅಂತ ಕೇಳಿದೆ. ತಮ್ಮನ ಕೈ ಜಾರುವ ಜಾಗದಲ್ಲಿ ಅಂದರು. ಅಕ್ಕ ತಮ್ಮನ ಕೈ ಹಿಡಿದು ನಾಲೆಯ ಏರಿ ಮೇಲೆ ನಡೆಯುತ್ತಾಳೆ, ಅವನು ಬಗ್ಗುತ್ತಾನೆ, ಕೈ ಜಾರುತ್ತದೆ. ತಾಳದ ಎಂಟು ಅಕ್ಷರದಲ್ಲಿ ಮೊದಲ ನಾಲ್ಕರ ಲಘು ಮುಗಿದು ಎರಡರ ದ್ರುತ ಬೀಳುವ ಕಡೆ, ಐದನೇ ಅಕ್ಷರಕ್ಕೆ ಸರಿಯಾಗಿ ಬೆರಳು ಬಿಡಬೇಕು. ಪ್ರತಿ ಸಲ ಅಲ್ಲೇ ತಪ್ಪುತ್ತಿತ್ತು.

"ಕೂತಲ್ಲೇ ತೋರಿಸ್ತೀರಾ?" ಅಂದೆ.

ತೋರಿಸಿದರು. ತೊಡೆಯ ಮೇಲೆ ಒಂದು ಕೈಯಲ್ಲಿ ತಾಳ, ಇನ್ನೊಂದು ಕೈಯಲ್ಲಿ ತಮ್ಮನ ಕೈ. ಏನೋ ಸರಿ ಕಾಣಲಿಲ್ಲ. ಮತ್ತೊಮ್ಮೆ ಮಾಡಿ ಅಂದೆ. ಎರಡನೇ ಸಲ ಕೈ ಬದಲಾಗಿತ್ತು. ನಾನು ನೃತ್ಯ ಕಲಿತವಳಲ್ಲ. ತಿಳಿಯದೆ, ನಿಜವಾಗಿ ಬರೀ ಕುತೂಹಲಕ್ಕೆ ಕೇಳಿಬಿಟ್ಟೆ.

"ಅವನ ಕೈ ಹಿಡಿದಿದ್ದು ಯಾವ ಕೈಲಿ? ಬಲಗೈಯಾ, ಎಡಗೈಯಾ?"

ಸುಮಾ ಬಲಗೈ ಎತ್ತಿದರು. ಇಳಿಸಿದರು. ಎಡಗೈ ಎತ್ತಿದರು. ನೃತ್ಯದವರಿಗೆ ಯಾವ ಕೈ ಅನ್ನುವುದು ಅನುಮಾನ ಬರುವ ವಿಷಯವೇ ಅಲ್ಲ, ಕಣ್ಣು ಮುಚ್ಚಿದರೂ ಮೈಗೆ ಗೊತ್ತಿರುತ್ತದೆ. ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ನೋಡುತ್ತಾ ಕೂತರು. ಹೊರಗೆ ಸೊಪ್ಪಿನವಳು ಕೂಗಿಕೊಂಡು ಹೋದಳು. ಆಮೇಲೆ ಮೆಲ್ಲಗೆ ಹೇಳಿದರು. "ನಾನು ಅವನ ಕೈ ಹಿಡಿದಿದ್ದು ನಂಗೆ ನೆನಪೇ ಇಲ್ಲ ಮೇಡಂ. ನಾನು ಅಲ್ಲಿದ್ದಿದ್ದೂ ನೆನಪಿಲ್ಲ."

ಇಂಥ ಹೊತ್ತಿನಲ್ಲಿ ಸಲಹೆಗಾರರ ನಾಲಿಗೆ ತುರಿಸುತ್ತದೆ. "ನೋಡಿ, ನಿಮ್ಮ ತಪ್ಪೇ ಇಲ್ಲ, ಅದೆಲ್ಲ ನೀವೇ ಕಟ್ಟಿಕೊಂಡಿದ್ದು" ಅಂದುಬಿಡಬಹುದಿತ್ತು. ಅನ್ನಲಿಲ್ಲ. ಮಕ್ಕಳ ನೆನಪು ಮಣ್ಣಿನ ಗೋಡೆ, ಪ್ರತಿ ಸಲ ಮುಟ್ಟಿದಾಗಲೂ ಒಂದು ಬೆರಳಿನ ಗುರುತು ಬೀಳುತ್ತದೆ. ಆಗದೇ ಇದ್ದದ್ದನ್ನು ಮತ್ತೆ ಮತ್ತೆ ಕಲ್ಪಿಸಿಕೊಂಡರೆ ಅದು ಆದದ್ದೇ ಅನ್ನಿಸತೊಡಗುತ್ತದೆ, ಇದು ಮನಶ್ಶಾಸ್ತ್ರದಲ್ಲಿ ಪ್ರಯೋಗ ಮಾಡಿ ಕಂಡುಕೊಂಡ ವಿಷಯ. ಇನ್ನು ದಿನಾ ಎರಡು ಹೊತ್ತು, ಮೂರು ತಿಂಗಳು, ಗೆಜ್ಜೆ ಕಟ್ಟಿಕೊಂಡು ಮೈಯೆಲ್ಲ ತೊಡಗಿಸಿ ಮಾಡಿದರೆ? ಹಾಗಂತ ಅವರ ಮನಸ್ಸು ಕಟ್ಟಿದ ಕಥೆಯನ್ನು ಅಳಿಸಿ ನನ್ನ ಊಹೆಯನ್ನು ಅಲ್ಲಿ ಕೂರಿಸುವ ಹಕ್ಕು ನನಗಿಲ್ಲ. "ಗೊತ್ತಿರೋರು ಯಾರಾದ್ರೂ ಇದ್ದಾರಾ?" ಅಂತಷ್ಟೇ ಕೇಳಿದೆ. ಅವ್ವ ಇದ್ದಾರೆ ಅಂದರು. ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ಒಬ್ಬರೂ ಆ ದಿನದ ಮಾತು ಎತ್ತಿಲ್ಲವಂತೆ.

ಇದಾದ ಮೇಲೆ ನಾನು ಕೊಟ್ಟ ಮೊದಲ ಸಲಹೆ, ಆಹ್ವಾನ ಪತ್ರಿಕೆ ನಿಲ್ಲಿಸಿ ಅನ್ನುವುದು. ಇದಕ್ಕೆ ನನಗೆ ಬೈಗುಳ ಸಿಕ್ಕಿದೆ. ಇದೇ ಊರಿನ ನೃತ್ಯದ ಹಿರಿಯರೊಬ್ಬರು ಫೋನ್ ಮಾಡಿ, "ಕಲಾವಿದೆಯ ಕಾಲು ಕಟ್ಟಿ ಹಾಕಿದ್ರಲ್ಲಮ್ಮ" ಅಂದರು. ನೋವನ್ನು ಮತ್ತೆ ಮತ್ತೆ ಎದುರಿಸುವುದೇ ಚಿಕಿತ್ಸೆ ಅಂತ ನೀವೇ ಹೇಳುತ್ತೀರಲ್ಲ ಅಂತಲೂ ಕೇಳಿದರು. ನಿಜ, ಅಂಥ ಚಿಕಿತ್ಸೆ ಇದೆ, ಕೆಲಸವನ್ನೂ ಮಾಡುತ್ತದೆ. ಆದರೆ ಅಲ್ಲಿ ತರಬೇತಿ ಪಡೆದವರೊಬ್ಬರು ಎದುರಿಗೆ ಕೂತಿರುತ್ತಾರೆ, ವೇಗ ನಿಮ್ಮ ಕೈಯಲ್ಲಿರುತ್ತದೆ, ಸಾಕು ಅಂದರೆ ಸಾಕು, ಮನೆಗೆ ಹೋಗುವ ಮೊದಲು ಎದೆಬಡಿತ ಇಳಿಯುವ ತನಕ ಜೊತೆಗಿರುತ್ತಾರೆ. ಸುಮಾ ಮಾಡುತ್ತಿದ್ದುದು ರಾತ್ರಿ ಒಂಬತ್ತಕ್ಕೆ ಒಬ್ಬರೇ, ಮೊಬೈಲ್‌ನಲ್ಲಿ ಹಾಡು ಹಾಕಿಕೊಂಡು. ಹಾಡು ನಿಲ್ಲುವ ತನಕ ತಮ್ಮ ಮುಳುಗಲೇಬೇಕು. ಹಕ್ಕಳೆಯನ್ನು ದಿನಾ ಕಿತ್ತು ನೋಡಿದ ಹಾಗೆ ಇದು.

ರಾತ್ರಿ ಒಬ್ಬರೇ ಪ್ರಾಕ್ಟೀಸ್ ಬೇಡ ಅಂದೆ. ಆ ಭಾಗ ಮಾಡಿದ ದಿನ ಆಮೇಲೆ ಅರ್ಧ ಗಂಟೆ ಬೇರೇನಾದರೂ ಕೈಕೆಲಸ ಮಾಡಿ, ಹುರಳಿಕಾಯಿ ಸೋಸಿದರೂ ಆಯಿತು. ಮಧ್ಯದಲ್ಲಿ ಬೇಕಂತಲೇ ನಿಲ್ಲಿಸಿ, ನೀರು ಕುಡಿದು ಬಂದು ಮುಂದುವರಿಸಿ. ಹಾಗೆ ನಿಲ್ಲಿಸಲು ಬರುತ್ತದೋ ಇಲ್ಲವೋ ನೋಡಿ. ಬರದಿದ್ದರೆ ಜನರ ಮುಂದೆ ಇನ್ನೂ ಬೇಡ. ನಿದ್ದೆಗೆ ಮನೋವೈದ್ಯರ ಹತ್ತಿರ ಕಳಿಸಿದೆ, ಅದನ್ನು ನೃತ್ಯ ಸರಿ ಮಾಡುತ್ತದೆ ಅಂತ ಕಾಯುವ ಹಾಗಿರಲಿಲ್ಲ. ರಾತ್ರಿ ತಡೆಯಲಾಗದ ಹೊತ್ತಿಗೆ ಅಂತ 14416 ಬರೆದು ಕೊಟ್ಟೆ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರಿಂದ ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಕೊನೆಯ ದೃಶ್ಯದ ಬಗ್ಗೆ ಮಾತ್ರ ಸ್ವಲ್ಪ ಜಗಳವೇ ಆಯಿತು. ಕಾರ್ಯಕ್ರಮದವರು ಕೊನೆಯಲ್ಲಿ ಬೆಳಕು ಬರಬೇಕು, ಗುಣವಾಗಿದ್ದು ಕಾಣಬೇಕು ಅಂದಿದ್ದರಂತೆ. ಅದಕ್ಕೆ ಸುಮಾ ಕಮಲ ಅರಳುವ ಒಂದು ಭಾಗ ಸೇರಿಸಿದ್ದರು. ಗುಣವಾಗದೆ ಗುಣವಾದಂತೆ ಕುಣಿದರೆ ಚಪ್ಪಾಳೆ ಬೀಳುತ್ತದೆ, ಮನೆಗೆ ಬಂದ ಮೇಲೆ ಆ ಚಪ್ಪಾಳೆಯೇ ಒಂದು ಸಾಲ ಆಗುತ್ತದೆ. ಆಮೇಲೆ ಅಳುವುದಕ್ಕೂ ಮುಖ ಇರುವುದಿಲ್ಲ. ಹೀಗೇ ಅಂದೆ, ಸ್ವಲ್ಪ ಜೋರಾಗಿಯೇ ಅಂದೆ. ಮೊದಲ ಮೂವರಲ್ಲಿ ಒಬ್ಬರಿಗೆ ಆದದ್ದು ಅದೇ.

ಒಂದು ಭಾನುವಾರ ಸುಮಾ ಊರಿಗೆ ಹೋದರು. ಅವ್ವ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದರಂತೆ. ಕೇಳಿದ್ದಕ್ಕೆ ತಲೆ ಎತ್ತದೆ ಹೇಳಿದ್ದು ಇಷ್ಟು. "ನೀನೆಲ್ಲಿದ್ದೆ ಕಣವ್ವ ಅಲ್ಲಿ? ಸೋಪು ಮುಗ್ದೋಯ್ತು ಅಂತ ನಿನ್ನ ಅಂಗ್ಡಿಗೆ ಕಳ್ಸಿದ್ನಲ್ಲ. ಮಗ ನನ್ನ ಪಕ್ಕದಲ್ಲೇ ಕುಂತಿತ್ತು." ಆಮೇಲೆ ಅದೇ ಪಾತ್ರೆಯನ್ನು ಬಹಳ ಹೊತ್ತು ಉಜ್ಜಿದರಂತೆ.

ನನಗೆ ತೊಂದರೆ ಕೊಟ್ಟದ್ದು ಇದು. ಮಗಳ ಹೆಗಲಿಂದ ಇಳಿದ ಭಾರ ನೆಲಕ್ಕೆ ಬೀಳಲಿಲ್ಲ, ಅದು ಮೊದಲಿನಿಂದಲೂ ಅವ್ವನ ಹೆಗಲ ಮೇಲೇ ಇತ್ತು, ಈಗ ಮಗಳಿಗೂ ಕಂಡಿತು ಅಷ್ಟೆ. ಕೇಳಿ ಅಂತ ಕಳಿಸುವ ಮೊದಲು ಅವ್ವನ ಬಗ್ಗೆ ನಾನು ಯೋಚಿಸಬೇಕಿತ್ತು. ಯೋಚಿಸಿರಲಿಲ್ಲ. ಆಮೇಲೆ ಎರಡು ಸಲ ಅವ್ವನೂ ಬಸ್ಸು ಹತ್ತಿ ಬಂದರು, ಜಾಸ್ತಿ ಮಾತಾಡಲಿಲ್ಲ. ಆ ಮಾತು ಇಲ್ಲಿ ಬೇಡ.

ನೃತ್ಯ ಏಳು ತಿಂಗಳು ಮುಂದೆ ಹೋಯಿತು. ಮೈಸೂರಿನ ಅಭಿನಯದ ದಾರಿ ಸುಮಾಗೆ ಆಗ ನೆರವಾಯಿತು. ಅರಮನೆ ಕಾಲದ ನರ್ತಕಿ ಜಟ್ಟಿ ತಾಯಮ್ಮನವರದು, ಅವರ ಶಿಷ್ಯೆ, 1992ರಲ್ಲಿ ಪದ್ಮಭೂಷಣ ಪಡೆದ ಕೆ. ವೆಂಕಟಲಕ್ಷಮ್ಮನವರದು ಅದು. ಒಂದೇ ಸಾಲನ್ನು ಹಿಡಿದು ಬೇರೆ ಬೇರೆ ಸಂಚಾರಿಯಲ್ಲಿ, ಅಂದರೆ ಬೇರೆ ಬೇರೆ ಭಾವ, ಸನ್ನಿವೇಶಗಳಲ್ಲಿ ಬಿಡಿಸುವುದು. ಸುಮಾ ತಮ್ಮನನ್ನು ಕರೆಯುವ ಒಂದೇ ಸಾಲು ಇಟ್ಟುಕೊಂಡು ಒಮ್ಮೆ ಅಕ್ಕ ಆದರು, ಒಮ್ಮೆ ಅವ್ವ, ಒಮ್ಮೆ ದಡದಲ್ಲಿ ನಿಂತು ನೋಡಿದ ಊರಿನವರು. ಕೈ ಜಾರುವ ಭಾಗ ಹೋಯಿತು. ಬದಲಿಗೆ ಹುಡುಗಿಯೊಬ್ಬಳು ಅಂಗಡಿಯಿಂದ ಸೋಪು ಹಿಡಿದು ಬರುತ್ತಾಳೆ. ದೂರದಲ್ಲಿ ಜನ ಸೇರಿರುವುದು ಕಾಣುತ್ತದೆ. ಅವಳ ನಡಿಗೆ ನಿಧಾನವಾಗುತ್ತದೆ. ಕಮಲ ಅರಳಲಿಲ್ಲ.

ನಾನು ನೋಡಲು ಹೋಗಲಿಲ್ಲ. ನಾನು ಕೂತಿದ್ದರೆ ಅವರಿಗೆ ಅದು ಇನ್ನೊಂದು ಸೆಷನ್ ಆಗಿಬಿಡುತ್ತಿತ್ತು. ರಾತ್ರಿ ಹತ್ತಕ್ಕೆ ಫೋನ್ ಮಾಡಿದರು. ನಲವತ್ತು ಜನ ಇದ್ದರಂತೆ, ಅವ್ವ ಎರಡನೇ ಸಾಲಿನಲ್ಲಿ.

"ಒಂದು ಕಡೆ ತಾಳ ತಪ್ತು ಮೇಡಂ."

ನನ್ನ ಎದೆ ಧಸಕ್ ಅಂತು. ಎಲ್ಲಿ ಅಂತ ಕೇಳಿದೆ.

"ಮೊದಲನೇ ಜತಿಯಲ್ಲಿ. ಬರೀ ಹೆಜ್ಜೆ, ಅಲ್ಲೇನೂ ಇಲ್ಲ, ಪ್ರಾಕ್ಟೀಸ್ ಸಾಲ್ದು," ಅಂತ ನಕ್ಕರು.