ವೋಲ್ಟೇಜ್ ಸರಿಯಿದ್ದರೂ ವಿಮಾನದ ಬ್ಯಾಟರಿಯನ್ನು ಕಳಚಿ ಪೂರ್ತಿ ಖಾಲಿ ಮಾಡುವುದೇಕೆ?

ವಿಮಾನದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ವೋಲ್ಟ್‌ಮೀಟರ್‌ನಲ್ಲಿ 24 ವೋಲ್ಟ್‌ಗಿಂತ ಹೆಚ್ಚು ತೋರಿಸುತ್ತಿದ್ದರೂ ನಿಗದಿತ ಅವಧಿಗೊಮ್ಮೆ ಅದನ್ನು ಕಳಚಿ, ಪೂರ್ತಿ ಖಾಲಿ ಮಾಡಿ, ಮತ್ತೆ ಚಾರ್ಜ್ ಮಾಡುವುದೇಕೆ, ಇದನ್ನೇ ವಾಹನದ ಬ್ಯಾಟರಿಗೂ ಮಾಡಬಹುದೇ ಎಂದು ಕೇಳಿದ್ದೀರಿ. ವಿಮಾನ ನಿರ್ವಹಣೆಯ ಬ್ಯಾಟರಿ ವಿಭಾಗದಲ್ಲಿ ಕೆಲಸ ಮಾಡುವವನಾಗಿ ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ದಯವಿಟ್ಟು ಮಾಡಬೇಡಿ. ಕಾರಣ ಮುಂದೆ ಬರುತ್ತದೆ.

ಹೊರೆಯಿಲ್ಲದೆ ಅಳೆದ ವೋಲ್ಟೇಜ್ ಬ್ಯಾಟರಿಯಲ್ಲಿ ಎಷ್ಟು ವಿದ್ಯುತ್ ಉಳಿದಿದೆ ಎಂಬುದನ್ನು ಖಚಿತವಾಗಿ ಹೇಳುವುದಿಲ್ಲ. ನಿಕಲ್-ಕ್ಯಾಡ್ಮಿಯಂ ವಿಷಯದಲ್ಲಂತೂ ಡಿಸ್ಚಾರ್ಜ್ ಆಗುವಾಗ ಪ್ರತಿ ಸೆಲ್ (ಬ್ಯಾಟರಿಯೊಳಗಿನ ಬಿಡಿ ಘಟಕ) ಬಹುಪಾಲು ಹೊತ್ತು 1.2 ವೋಲ್ಟ್‌ನ ಆಸುಪಾಸಿನಲ್ಲೇ ನಿಂತು, ಕೊನೆಯಲ್ಲಿ ಒಮ್ಮೆಲೇ ಕುಸಿಯುತ್ತದೆ. ಸೀಸ-ಆಮ್ಲ ಬ್ಯಾಟರಿಯಲ್ಲಿ ಗಂಧಕಾಮ್ಲವೇ ಕ್ರಿಯೆಯಲ್ಲಿ ಖರ್ಚಾಗಿ ನೀರು ಉಂಟಾಗುವುದರಿಂದ ದ್ರಾವಣದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಅದ್ದಿ ಸ್ಥಿತಿಯನ್ನು ತಿಳಿಯಬಹುದು. ವಿಮಾನದ ಸೀಸ-ಆಮ್ಲ ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ ದ್ರಾವಣದ ಸಾಪೇಕ್ಷ ಸಾಂದ್ರತೆ 1.275ರಿಂದ 1.300ರಷ್ಟಿರುತ್ತದೆ. ನಿಕಲ್-ಕ್ಯಾಡ್ಮಿಯಂನಲ್ಲಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಅಯಾನುಗಳನ್ನು ಸಾಗಿಸುತ್ತದೆಯೇ ಹೊರತು ಖರ್ಚಾಗುವುದಿಲ್ಲ, ಹಾಗಾಗಿ ಆ ದಾರಿಯೂ ಮುಚ್ಚಿದೆ. ಉಳಿಯುವುದು ಒಂದೇ ಪರೀಕ್ಷೆ: ಗೊತ್ತಾದ ಪ್ರಮಾಣದ ಕರೆಂಟನ್ನು ಎಳೆದು, ಎಷ್ಟು ಹೊತ್ತು ಬಾಳುತ್ತದೆ ಎಂದು ನೋಡುವುದು. ಇಪ್ಪತ್ತು ಸೆಲ್‌ಗಳ, 40 ಆಂಪಿಯರ್-ಅವರ್ ಸಾಮರ್ಥ್ಯದ (ಅಂದರೆ 40 ಆಂಪಿಯರನ್ನು ಒಂದು ಗಂಟೆ ಕೊಡಬಲ್ಲ) ಬ್ಯಾಟರಿಯಿಂದ 40 ಆಂಪಿಯರ್ ಎಳೆದರೆ, ನಿರ್ವಹಣಾ ಕೈಪಿಡಿ ಸಾಮರ್ಥ್ಯಕ್ಕೆ ಶೇ. 85ರ ಕನಿಷ್ಠ ಮಿತಿ ಇಟ್ಟಿದ್ದಲ್ಲಿ, 20 ವೋಲ್ಟ್‌ಗೆ ಇಳಿಯುವ ಮುನ್ನ ಅದು ಕನಿಷ್ಠ 51 ನಿಮಿಷ ನಿಲ್ಲಬೇಕು. ಜನರೇಟರ್‌ಗಳೆಲ್ಲ ಕೈಕೊಟ್ಟಾಗ ಅತ್ಯಗತ್ಯ ಉಪಕರಣಗಳನ್ನೂ ರೇಡಿಯೊವನ್ನೂ ಈ ಬ್ಯಾಟರಿಯೇ ನಡೆಸಬೇಕಾಗುವುದರಿಂದ ಇಲ್ಲಿ ಅಂದಾಜಿಗೆ ಜಾಗವಿಲ್ಲ.

ಸಾಮರ್ಥ್ಯ ಅಳೆದ ಮೇಲೂ ನಾವು ನಿಲ್ಲಿಸುವುದಿಲ್ಲ. ಸರಣಿಯಲ್ಲಿರುವ ಸೆಲ್‌ಗಳು ಕಾಲಕ್ರಮೇಣ ಒಂದಕ್ಕೊಂದು ಹೊಂದದಂತಾಗುತ್ತವೆ. ದುರ್ಬಲವಾದದ್ದು ಮೊದಲು ಬರಿದಾಗುತ್ತದೆ, ಉಳಿದವು ಅದರ ಮೂಲಕ ಕರೆಂಟ್ ತಳ್ಳುತ್ತಲೇ ಇದ್ದರೆ ಅದರ ಧ್ರುವಗಳೇ ತಿರುಗುಮುರುಗಾಗುತ್ತವೆ. ಆದ್ದರಿಂದ ಪ್ರತಿಯೊಂದು ಸೆಲ್ಲನ್ನೂ ಶೂನ್ಯಕ್ಕಿಳಿಸಿ, ಧ್ರುವಗಳನ್ನು ಶಾರ್ಟ್ ಮಾಡುವ ಪಟ್ಟಿ ಹಾಕಿ, ಹಲವು ಗಂಟೆ ಹಾಗೆಯೇ ಬಿಟ್ಟು, ಎಲ್ಲವನ್ನೂ ಒಂದೇ ನೆಲೆಯಿಂದ ಮತ್ತೆ ಚಾರ್ಜ್ ಮಾಡುತ್ತೇವೆ. ಒಂದಷ್ಟು ವಿದ್ಯುತ್ ಅನಿಲವಾಗಿ, ಶಾಖವಾಗಿ ವ್ಯರ್ಥವಾಗುವುದರಿಂದ ಸಾಮರ್ಥ್ಯದ ಶೇ. 140ರವರೆಗೂ ತುಂಬಬೇಕಾಗುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕುವುದು ಚಾರ್ಜಿಂಗ್‌ನ ಕೊನೆಯ ಹಂತದಲ್ಲಿ ಮಾತ್ರ. ಖಾಲಿ ಬ್ಯಾಟರಿಯಲ್ಲಿ ಪ್ಲೇಟ್‌ಗಳು ದ್ರಾವಣವನ್ನು ಹೀರಿಕೊಂಡಿರುವುದರಿಂದ ಮಟ್ಟ ಕಡಿಮೆ ಕಾಣುತ್ತದೆ. ಆಗಲೇ ನೀರು ಸುರಿದರೆ ಚಾರ್ಜ್ ಆಗುವಾಗ ದ್ರಾವಣ ಉಕ್ಕಿ, ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ, ಸೆಲ್‌ಗಳ ಮೇಲೆಲ್ಲ ಬಿಳಿಯ ಕಾರ್ಬೊನೇಟ್ ಪುಡಿಯಾಗಿ ಕೂರುತ್ತದೆ, ಆ ತೇವದ ಪುಡಿಯ ಮೂಲಕ ಕರೆಂಟ್ ಸೋರುತ್ತದೆ.

ಇಷ್ಟೆಲ್ಲ ಎಚ್ಚರಿಕೆಯ ಹಿಂದೆ ಥರ್ಮಲ್ ರನ್‌ಅವೇ ಎಂಬ ಅಪಾಯವಿದೆ. ಬಿಸಿಯಾದ ಸೆಲ್‌ನ ವೋಲ್ಟೇಜ್ ಇಳಿಯುತ್ತದೆ. ವಿಮಾನದ ವ್ಯವಸ್ಥೆ ಸುಮಾರು 28 ವೋಲ್ಟನ್ನು ಸ್ಥಿರವಾಗಿ ಕೊಡುತ್ತಲೇ ಇರುವುದರಿಂದ ಒಳಗೆ ಹರಿಯುವ ಕರೆಂಟ್ ಏರುತ್ತದೆ, ಕರೆಂಟ್ ಏರಿದಷ್ಟೂ ಬಿಸಿ ಹೆಚ್ಚುತ್ತದೆ. ಪ್ಲೇಟ್‌ಗಳ ನಡುವಿನ ಪೊರೆ ಹಾಳಾಗಿದ್ದರಂತೂ ಆಮ್ಲಜನಕ ಕ್ಯಾಡ್ಮಿಯಂ ಪ್ಲೇಟನ್ನು ತಲುಪಿ ಇನ್ನಷ್ಟು ಶಾಖ ಹುಟ್ಟಿಸುತ್ತದೆ. ಇಂತಹ ಬ್ಯಾಟರಿಗಳಿಗೆ ತಾಪಮಾನದ ಸಂವೇದಕ ಇಟ್ಟು, ಕಾಕ್‌ಪಿಟ್‌ನಲ್ಲಿ ಎಚ್ಚರಿಕೆ ಬರುವಂತೆ ಮಾಡುವುದು ಇದಕ್ಕಾಗಿಯೇ.

ಹೊರಗಿನವರಿಗೆ ಅತಿರೇಕವೆನ್ನಿಸುವ ಇನ್ನೊಂದು ಕಟ್ಟಳೆಯೂ ಇದೆ: ಸೀಸ-ಆಮ್ಲ ಮತ್ತು ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕೊಠಡಿಗಳು, ಸಲಕರಣೆಗಳು, ಹೈಡ್ರೋಮೀಟರ್‌ಗಳು ಕೂಡ ಬೇರೆಬೇರೆ. ಆಮ್ಲದ ಹನಿಗಳು, ಅಷ್ಟೇಕೆ, ಆಮ್ಲದ ಆವಿಯೂ ಕ್ಷಾರದ ಸೆಲ್ಲನ್ನು ಕೆಡಿಸಬಲ್ಲದು. ನನ್ನ ಮಟ್ಟಿಗೆ, ಒಂದು ಬ್ಯಾಟರಿ ವಿಭಾಗದ ಶಿಸ್ತನ್ನು ಅಳೆಯಲು ಮೊದಲು ನೋಡಬೇಕಾದದ್ದು ಇದನ್ನೇ.

ಲಿಥಿಯಂ-ಅಯಾನ್ ಬ್ಯಾಟರಿಯದು ಬೇರೆಯೇ ದಾರಿ. 2013ರ ಜನವರಿಯಲ್ಲಿ ಬೋಸ್ಟನ್‌ನಲ್ಲಿ ನಿಂತಿದ್ದ ಬೋಯಿಂಗ್ 787ರ ಬ್ಯಾಟರಿಗೆ ಬೆಂಕಿ ಹತ್ತಿತು. ಕೆಲವೇ ದಿನಗಳಲ್ಲಿ ಜಪಾನಿನಲ್ಲಿ ಇನ್ನೊಂದು 787 ಬ್ಯಾಟರಿಯ ದೋಷದಿಂದ ತುರ್ತಾಗಿ ಇಳಿಯಿತು. ಆ ಮಾದರಿಯ ವಿಮಾನಗಳ ಹಾರಾಟವೇ ನಿಂತು, ಬ್ಯಾಟರಿಯನ್ನು ಉಕ್ಕಿನ ಪೆಟ್ಟಿಗೆಯೊಳಗಿಟ್ಟು ಹೊಗೆಯನ್ನು ನೇರವಾಗಿ ವಿಮಾನದ ಹೊರಗೆ ಸಾಗಿಸುವ ವ್ಯವಸ್ಥೆ ಮಾಡಿದ ಮೇಲೆ ಮತ್ತೆ ಆರಂಭವಾಯಿತು.

ಈಗ ನಿಮ್ಮ ವಾಹನದ ವಿಷಯ. ಶೂನ್ಯಕ್ಕಿಳಿಸುವುದು ನಿಕಲ್-ಕ್ಯಾಡ್ಮಿಯಂಗೆ ಚಿಕಿತ್ಸೆ, ಸೀಸ-ಆಮ್ಲಕ್ಕೆ ಹಾನಿ. ಖಾಲಿಯಾಗಿ ಉಳಿದ ಪ್ಲೇಟ್‌ಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳುಗಳಾಗಿ ಬೆಳೆಯುತ್ತದೆ, ಅದು ಮತ್ತೆ ಚಾರ್ಜ್‌ಗೆ ಸುಲಭವಾಗಿ ಕರಗುವುದಿಲ್ಲ. ಲಿಥಿಯಂ-ಅಯಾನ್ ಸೆಲ್ಲನ್ನು ಅತಿಯಾಗಿ ಬರಿದು ಮಾಡಿದರೆ ಒಳಗಿನ ತಾಮ್ರದ ಹಾಳೆಯೇ ಕರಗತೊಡಗಿ, ಮುಂದೆ ಚಾರ್ಜ್ ಮಾಡುವಾಗ ಒಳಗೇ ಶಾರ್ಟ್ ಆಗುವ ಅಪಾಯವಿದೆ. ವಾಹನವನ್ನು ಬಹುಕಾಲ ನಿಲ್ಲಿಸುವುದಾದರೆ ಸೀಸ-ಆಮ್ಲ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಋಣ ಧ್ರುವದ ತಂತಿಯನ್ನು ಮೊದಲು ಬಿಡಿಸಿಡಿ, ನಡುನಡುವೆ ಮತ್ತೆ ಚಾರ್ಜ್ ಮಾಡಿ. ಚಾರ್ಜ್ ಆಗುವಾಗ ಜಲಜನಕ ಹೊರಬರುವುದರಿಂದ ಕೋಣೆಯ ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಕಿಡಿ ಹಾರದಿರಲಿ.