ಓದುಗರ ಪ್ರಶ್ನೆ: ಕುಗ್ಗಿದ ಸ್ವೆಟರ್, ನುಸಿ ತಿಂದ ಶಾಲು

ಪ್ರಶ್ನೆ: ವಾಷಿಂಗ್ ಮಷೀನಿಗೆ ಹಾಕಿದ ಕ್ಯಾಶ್ಮೀರ್ (ಮೇಕೆಯ ನವಿರು ಉಣ್ಣೆ) ಸ್ವೆಟರ್ ಮಕ್ಕಳ ಅಳತೆಗೆ ಇಳಿದು ದಪ್ಪಗಾಗಿದೆ. ಸರಿಹೋದೀತೇ? ಉಳಿದವನ್ನು ಮನೆಯಲ್ಲೇ ಒಗೆಯುವುದು ಹೇಗೆ?
– ಓದುಗರು, ಮಡಿಕೇರಿ

ಉತ್ತರ: ಹೆಣಿಗೆ ಕಾಣದಷ್ಟು ಗಟ್ಟಿಯಾಗಿದ್ದರೆ ಆಸೆ ಬಿಡಿ. ಉಣ್ಣೆಯ ಎಳೆಯ ಮೇಲೆ ಹೆಂಚು ಹೊದಿಸಿದ ಹಾಗೆ ಸಣ್ಣ ಪದರಗಳಿರುತ್ತವೆ. ಒದ್ದೆಯಾಗಿದ್ದಾಗ ತಿಕ್ಕಿದರೆ, ಕುಲುಕಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಿಗಿಯುತ್ತವೆ, ಮತ್ತೆ ಬಿಡಿಸಿಕೊಳ್ಳುವುದಿಲ್ಲ. ಬಿಸಿನೀರು, ಸೋಪಿನ ಕ್ಷಾರ ಸೇರಿದರೆ ಇನ್ನೂ ಬೇಗ. ತುಸುವೇ ಕುಗ್ಗಿದ್ದರೆ ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ಹೇರ್ ಕಂಡೀಷನರ್ ಕದಡಿ ಅರ್ಧ ಗಂಟೆ ನೆನೆಸಿ, ಟವೆಲ್ ಮೇಲೆ ಹಾಸಿ ಎಲ್ಲ ಬದಿಗೂ ಮೆಲ್ಲಗೆ ಎಳೆದು ನೋಡಿ. ಸ್ವಲ್ಪ ಸಡಿಲವಾದೀತು.

ಇನ್ನು ಒಗೆಯುವ ಕ್ರಮ. ಸ್ವೆಟರನ್ನು ಒಳಮೈ ಹೊರಗೆ ಮಾಡಿ. ಐದು ಲೀಟರ್ ನೀರು, 30 ಡಿಗ್ರಿ ದಾಟದಿರಲಿ. ಉಣ್ಣೆಗೆಂದೇ ಸಿಗುವ ಲಿಕ್ವಿಡ್ ಎರಡು ಟೀ ಚಮಚ ಸಾಕು. ದಿನಬಳಕೆಯ ಡಿಟರ್ಜೆಂಟ್ ಪುಡಿ ಖಂಡಿತ ಬೇಡ. ಕ್ಷಾರ ಹೆಚ್ಚು, ಜೊತೆಗೆ ಹಲವು ಪುಡಿಗಳಲ್ಲಿ ಪ್ರೋಟೀನ್ ಕರಗಿಸುವ ಕಿಣ್ವ ಇರುತ್ತದೆ, ಉಣ್ಣೆಯೂ ಪ್ರೋಟೀನೇ. ಬ್ಲೀಚ್ ಅಂತೂ ಎಳೆಯನ್ನೇ ತಿಂದುಹಾಕುತ್ತದೆ. ಹತ್ತು ನಿಮಿಷ ನೆನೆಸಿ, ಅಂಗೈಯಿಂದ ಒತ್ತಿ ಒತ್ತಿ ಬಿಡಿ, ಉಜ್ಜಬೇಡಿ. ಅಷ್ಟೇ ಬೆಚ್ಚಗಿನ ಹೊಸ ನೀರಲ್ಲಿ ಎರಡು ಸಲ ಜಾಲಿಸಿ. ಬೋರ್‌ವೆಲ್ ನೀರಾದರೆ ಕೊನೆಯ ಸಲಕ್ಕೆ ಒಂದು ದೊಡ್ಡ ಚಮಚ ಬಿಳಿ ವಿನೆಗರ್ ಬೆರೆಸಿ.

ಎಡವುವುದು ಹೆಚ್ಚಾಗಿ ಇಲ್ಲಿಂದ ಮುಂದೆ. ನೀರು ಕುಡಿದ ಸ್ವೆಟರನ್ನು ಭುಜ ಹಿಡಿದು ಎತ್ತಿದರೆ ತನ್ನ ಭಾರಕ್ಕೇ ಜೋಲುತ್ತದೆ. ಎರಡೂ ಕೈ ಕೆಳಗೆ ಕೊಟ್ಟು ಎತ್ತಿ. ಹಿಂಡದೆ, ದಪ್ಪ ಟವೆಲ್ ಮೇಲೆ ಹರಡಿ, ಚಾಪೆಯಂತೆ ಸುತ್ತಿ, ಮೇಲಿಂದ ಒತ್ತಿ. ಆಮೇಲೆ ಒಣ ಟವೆಲ್ ಮೇಲೆ ತೋಳು, ಅಂಚು ಸರಿಮಾಡಿ ನೆರಳಲ್ಲಿ ಹಾಸಿ. ಹಗ್ಗಕ್ಕೆ, ಹ್ಯಾಂಗರಿಗೆ ಹಾಕಬಾರದು.

ಪ್ರಶ್ನೆ: ಅಂಟುವಾಳದ ನೀರಲ್ಲಿ ಪಶ್ಮೀನಾ ಶಾಲು ಒಗೆಯಬಹುದೇ? ನುಸಿಗುಳಿಗೆ ಇಟ್ಟರೂ ತೂತು ಬಿದ್ದಿದೆ.
– ಓದುಗರು, ಬೆಂಗಳೂರು

ಉತ್ತರ: ಧಾರಾಳವಾಗಿ ಒಗೆಯಬಹುದು. ಬೀಜ ತೆಗೆದ ಎಂಟು–ಹತ್ತು ಕಾಯಿ ರಾತ್ರಿ ನೆನೆಸಿ, ಕಿವುಚಿ, ಬಟ್ಟೆಯಲ್ಲಿ ಸೋಸಿ ಬಳಸಿ. ಬಿಳಿ ಶಾಲಿಗೆ ಮಾತ್ರ ಬೇಡ, ಕಂದು ಛಾಯೆ ಹಿಡಿದೀತು.

ತೂತು ಮಾಡುವುದು ನುಸಿಯ ಮರಿಹುಳ. ಬೆವರು, ಊಟದ ಕಲೆ ಇದ್ದಲ್ಲಿ ಮೊದಲು ಮೇಯುತ್ತದೆ. ಹಾಗಾಗಿ ಒಂದೇ ಸಲ ಹೊದ್ದಿದ್ದರೂ ಒಗೆದು, ಪೂರ್ತಿ ಒಣಗಿಸಿ ಎತ್ತಿಡಿ. ಗುಳಿಗೆ ಕೆಲಸ ಮಾಡುವುದು ಬಿಗಿ ಮುಚ್ಚಳದ ಪೆಟ್ಟಿಗೆಯಲ್ಲಿ ಮಾತ್ರ. ಬೀರುವಿನಲ್ಲಿ ಅದರ ಆವಿ ಹೊರಗೆ ಹೋಗಿಬಿಡುತ್ತದೆ. ಈಗ ಹುಳ ಇರುವ ಅನುಮಾನವಿದ್ದರೆ ಶಾಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಗೆ ಎರಡು ವಾರ ಇಡಿ.